ಕಾರಿನ ನೆತ್ತಿಯ ಮೇಲೆ ಐವತ್ತು ಕೆ.ಜಿ.

ಮಂಗಳವಾರ ಬೆಳಿಗ್ಗೆ ನಮ್ಮ ಬೀದಿಯ ನಲ್ಲಿ ನೀರು ಸಿಹಿಯಾಯಿತು. ಬಾಯಿ ಮುಕ್ಕಳಿಸಲು ಒಂದು ಗುಟುಕು ಹಾಕಿಕೊಂಡವಳು ಉಗಿಯದೆ ಹಾಗೇ ನಿಂತೆ. ನಮ್ಮೂರಿನ ನೀರು ಉಪ್ಪು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಆ ನೀರಿಗೇ ಒಗ್ಗಿಹೋದ ನಾಲಿಗೆಗೆ ಸಿಹಿ ತಿಳಿಯಲು ಎರಡನೆಯ ಗುಟುಕು ಬೇಕಾಗುವುದಿಲ್ಲ. ನುಂಗಿದೆ. ಎದುರುಮನೆಯ ಸರ್ವಮಂಗಳಮ್ಮ ಬಿಂದಿಗೆ ಹಿಡಿದು ಜಗಲಿಗೆ ಬಂದವರು ನನ್ನ ಮುಖ ನೋಡಿಯೇ ಕೇಳಿದರು, "ನಿಮ್ದೂ ಸಿಹೀನಾ?"

"ಹೂಂ ರೀ. ಸಿಹಿ."

"ಅಲ್ಲಿಗೆ ಮುಂದಿನ ಶನಿವಾರ." ಬೆರಳು ಮಡಚಿ ಎಣಿಸಿ ಮುಗಿಸಿದ ಅವರು ಬಿಂದಿಗೆ ಎತ್ತಿಕೊಂಡರು. "ಈ ಸಲ ಸಾಮಾನು ಚೆನ್ನಾಗಿ ಕಟ್ಕೊಳಮ್ಮ."

‘ಈ ಸಲ’ ಎಂದದ್ದು ನನ್ನನ್ನು ಚುಚ್ಚಲೆಂದೇ ಎನಿಸಿ, ನಲ್ಲಿ ನಿಲ್ಲಿಸಿ ಒಳಗೆ ಬಂದೆ.

ನಮ್ಮೂರಿನಲ್ಲಿ ಇದಕ್ಕೆ ಸರದಿ ಎನ್ನುತ್ತಾರೆ. ಯಾವ ಬೀದಿಯ ನೀರು ಸಿಹಿಯಾಗುತ್ತದೋ ಆ ಬೀದಿಯ ಮನೆಗಳು ಹನ್ನೆರಡನೆಯ ದಿನ ಖಾಲಿಯಾಗುತ್ತವೆ. ಗೋಡೆ, ಬಾಗಿಲು, ಕಿಟಕಿ ಇರುತ್ತವೆ. ಒಳಗೆ ಒಂದು ಸೂಜಿಯೂ ಉಳಿದಿರುವುದಿಲ್ಲ. ಮುಂಚೆಯೇ ಬೇರೆ ಬೀದಿಯ ನೆಂಟರ ಮನೆಗೆ ಸಾಗಿಸಿದರೆ ಅಲ್ಲಿಂದಲೂ ಮಾಯವಾಗುತ್ತದೆ. ಹನ್ನೆರಡನೆಯ ಬೆಳಿಗ್ಗೆ ಮನೆಯವರು ತಮ್ಮದೇ ಒಂದು ಗಾಡಿಯಲ್ಲಿ ಕೂತು ಕಬ್ಬಿಣದ ಸೇತುವೆ ದಾಟುವಾಗ ಜೊತೆಗೆ ಏನಿರುತ್ತದೋ ಅಷ್ಟು ಮಾತ್ರ ಅವರದು. ಲಾರಿಗೆ ಆ ಸೇತುವೆ ಕಿರಿದು. ಆಚೆ ದಡದ ಶೆಡ್ಡುಗಳಲ್ಲಿ ಮೂರು ದಿನ ಇದ್ದು ತಿರುಗಿ ಬರಬೇಕು. ಹೀಗಾಗಿ ನಮ್ಮಲ್ಲಿ ಮದುವೆಗೆ ಯಾರೂ ಕಪಾಟು ಉಡುಗೊರೆ ಕೊಡುವುದಿಲ್ಲ. ಹೆಣ್ಣು ಕೊಡುವವರು ಹುಡುಗನ ಸಂಬಳಕ್ಕಿಂತ ಮೊದಲು ಗಾಡಿ ಯಾವುದೆಂದು ವಿಚಾರಿಸುತ್ತಾರೆ. ಕೆಲವು ಬೀದಿಗೆ ಮೂರೇ ವರ್ಷಕ್ಕೆ ಸರದಿ ಬಂದದ್ದಿದೆ, ಕೆಲವಕ್ಕೆ ಮೂವತ್ತು ವರ್ಷಕ್ಕೆ. ನಮ್ಮ ಬೀದಿಗೆ ಹನ್ನೊಂದು ವರ್ಷವಾಗಿತ್ತು.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು, ನೀರು ಸರಬರಾಜಿನಲ್ಲಿ ಫಿಟ್ಟರ್ ಆಗಿರುವ ನನ್ನ ಗಂಡ ಷಡಕ್ಷರಿ, ಒಂಬತ್ತು ವರ್ಷದ ಮಗಳು ಕುಮುದ, ಮತ್ತು ನನ್ನ ಗಂಡನ ಅಕ್ಕ ಹೊನ್ನಮ್ಮ. ಅವರನ್ನು ನಾನು ಅತ್ತಿಗೆ ಎಂದೇ ಕರೆಯುವುದು. ಅತ್ತಿಗೆ ಬಟ್ಟೆ ಹೊಲಿಯುತ್ತಾರೆ. ಬೀದಿಯ ಅರ್ಧ ಹೆಂಗಸರ ರವಿಕೆ ಅವರ ಮಿಷಿನ್ನಿನಿಂದ ಬಂದದ್ದು. ಗಂಡನ ಸಂಬಳ ಬರುವುದು ತಡವಾದಾಗ ಒಲೆ ಉರಿಯುತ್ತಿದ್ದುದೂ ಅದರಿಂದಲೇ. ನೀರು ಸಿಹಿಯಾಗುವುದಕ್ಕೆ ಎರಡು ವಾರ ಮುಂಚೆ ಅವರು ಹಿತ್ತಲ ಮೆಟ್ಟಿಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದರು. ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್. ಕಾಲು ಮಡಚುವಂತಿಲ್ಲ. ನಮ್ಮದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ, ಸಣ್ಣದೇನಲ್ಲ. ಆದರೆ ಅತ್ತಿಗೆ ಮಲಗಿದಂತೆ ಕೂರಲು ಮುಂದಿನ ಎಡಗಡೆ ಸೀಟನ್ನು ಪೂರ್ತಿ ಹಿಂದಕ್ಕೆ ಚಾಚಿದರೆ ಉಳಿಯುವುದು ಡ್ರೈವರ್ ಹಿಂದಿನ ಜಾಗ. ಅಲ್ಲಿ ನಾನು, ಕುಮುದ. ಡಿಕ್ಕಿಯಲ್ಲಿ ಗಾಲಿಕುರ್ಚಿ, ಕಮೋಡ್ ಕುರ್ಚಿ, ಹಾಸಿಗೆ, ಮೂರು ದಿನದ ನೀರು. ಅಲ್ಲಿಗೆ ಮುಗಿಯಿತು. ಮನೆ ಎನ್ನುವುದೆಲ್ಲ ಕಾರಿನ ಟಾಪಿನ ಮೇಲೆಯೇ ಹೋಗಬೇಕು.

"ಅದಕ್ಯಾಕೆ ಇಷ್ಟು ಯೋಚನೆ?" ಎಂದರು ನನ್ನ ಗಂಡ. "ಒಂದು ಕಬ್ಬಿಣದ ಕ್ಯಾರಿಯರ್ ಕೂರಿಸಿ, ಟಾರ್ಪಾಲು ಮುಚ್ಚಿ, ಹಗ್ಗ ಬಿಗಿದ್ರೆ ಆಯ್ತು."

"ಹಗ್ಗ ಬೇಡ," ಎಂದೆ.

"ಮತ್ತೆ?"

"ಹಗ್ಗ ಬೇಡ ಅಂದೆನಲ್ಲ."

 ಯಾಕೆಂದು ಅವರಿಗೆ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ, ನಾನು ಮದುವೆಯಾಗಿ ಬಂದು ಎರಡು ತಿಂಗಳಾಗಿದ್ದಾಗ ಹಿಂದಿನ ಸರದಿ ಬಂತು. ಆಗ ಮನೆಯಲ್ಲಿದ್ದದ್ದು ಹಳೆಯ ಜೀಪು. ಅತ್ತಿಗೆಯ ಗಂಡ, ಡ್ರಾಯಿಂಗ್ ಮೇಷ್ಟ್ರು ಲಿಂಗದೇವರು, ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವರು ಬಿಡಿಸಿದ ಚಿತ್ರಗಳೆಲ್ಲ ಒಂದು ತಗಡಿನ ಟ್ರಂಕಿನಲ್ಲಿದ್ದವು. ಆ ಟ್ರಂಕನ್ನು ಜೀಪಿನ ಮೇಲೆ ಕಟ್ಟಿದವಳು ನಾನು. ನನ್ನಪ್ಪ ಹತ್ತಿ ಮಂಡಿಯಲ್ಲಿ ಅಂಡಿಗೆಗಳಿಗೆ, ಅಂದರೆ ಹತ್ತಿಯ ಮೂಟೆಗಳಿಗೆ, ಹಗ್ಗ ಬಿಗಿಯುವವರು. "ನಂಗೆ ಕೊಡಿ, ನಂಗೆ ಬರುತ್ತೆ," ಎಂದು ಹೊಸ ಸೊಸೆಯ ಉತ್ಸಾಹದಲ್ಲಿ ಹಗ್ಗ ಕಿತ್ತುಕೊಂಡಿದ್ದೆ. ಸೇತುವೆಯ ನಡುವೆ ಎರಡು ತಗಡು ಸೇರುವ ಕಡೆ ಜೀಪು ಕುಲುಕಿತು. ಹಗ್ಗ ಸಡಿಲಗೊಂಡು ಟ್ರಂಕು ಜಾರಿ, ಕಂಬಿಗೆ ತಗುಲಿ, ಹೊಳೆಗೆ ಬಿತ್ತು. "ಅಯ್ಯೋ ನನ್ನ ಗಂಟು!" ಎಂದು ಕೂಗಿದವಳೂ ನಾನೇ. ಅತ್ತಿಗೆ ಒಂದು ಮಾತೂ ಆಡಲಿಲ್ಲ. ಅವತ್ತೂ ಆಡಲಿಲ್ಲ, ಆಮೇಲೆಯೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಗಂಟು ಹಾಕಿದ್ದು ಹೊಸ ಸೊಸೆಯಂತೆ" ಎಂದು ಶೆಡ್ಡಿನಲ್ಲಿ ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು. ಅಂದಿನಿಂದ ನಾನು ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತೇನೆ. ಗ್ಯಾಸು ಆರಿಸಿದ ಮೇಲೆ ಎರಡು ಸಲ ಹೋಗಿ ನೋಡುತ್ತೇನೆ. ಮಗಳ ಜಡೆಗೆ ರಿಬ್ಬನ್ ಕಟ್ಟಿದರೆ ಅವಳೇ, "ಬಿಗಿಯಾಗಿದೆ ಅಮ್ಮ, ಸಾಕು," ಎಂದು ಅಳುಮುಖ ಮಾಡುತ್ತಾಳೆ.

ಮೂರನೆಯ ದಿನ ಗಾಡಿ ತೆಗೆದುಕೊಂಡು ದೇವೀರಮ್ಮನ ಅಂಗಡಿಗೆ ಹೋದೆವು. ದೇವೀರಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. ಮೊದಲು ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರು, ಈಗ ಗಾಡಿಗಳ ಟಾಪಿಗೆ ಬೇಕಾದದ್ದು ಮಾತ್ರ ಮಾರುತ್ತಾರೆ. ಅಂಗಡಿಯ ಮುಂದೆ ನಮ್ಮ ಬೀದಿಯ ಗಾಡಿಗಳೇ ಸಾಲಾಗಿ ನಿಂತಿದ್ದವು. ಪ್ರತಿಯೊಬ್ಬರ ಕೈಯಲ್ಲೂ ಒಂದು ಚೀಟಿ, ಪ್ರತಿಯೊಬ್ಬರ ಮುಖದಲ್ಲೂ ಆಸ್ಪತ್ರೆಯಲ್ಲಿ ಹೆಸರು ಕೂಗುವುದನ್ನು ಕಾಯುವವರ ಕಳೆ.

ನಮ್ಮ ಪಾಳಿ ಬಂದಾಗ ನನ್ನ ಗಂಡ ಟಾಪಿನ ಎರಡೂ ಅಂಚಿನಲ್ಲಿದ್ದ ಬೆಳ್ಳಿ ಬಣ್ಣದ ಉದ್ದ ಪಟ್ಟಿಗಳನ್ನು ತೋರಿಸಿ, "ರೇಲು ಇದ್ದೇ ಇದೆ ನೋಡಿ. ಇದಕ್ಕೆ ಅಡ್ಡಸಲಾಕೆ ಥರ ಎರಡು ಬಾರು ಹಾಕಿಬಿಡಿ," ಎಂದರು.

ದೇವೀರಮ್ಮ ಸ್ಟೂಲು ಹತ್ತಿ ಆ ಪಟ್ಟಿಯನ್ನು ಬೆರಳಿನಿಂದ ಕುಟ್ಟಿದರು. ಡಬ್ಬದ ಸದ್ದು ಬಂತು. "ಇದು ರೇಲಲ್ಲ ಸ್ವಾಮಿ, ಒಡವೆ," ಎಂದರು. "ಪ್ಲಾಸ್ಟಿಕ್ಕು. ಗಮ್ಮು ಹಾಕಿ ಅಂಟಿಸವ್ರೆ. ಇದ್ರ ಮ್ಯಾಲೆ ಒಗೆದ ಬಟ್ಟೆ ಒಣಗಿಹಾಕ್ಬೋದು ಅಷ್ಟೇ."

 ಆರು ವರ್ಷದಿಂದ ನಾನು ಆ ಪಟ್ಟಿಗಳನ್ನು ನೋಡಿಕೊಂಡು, ಸರದಿ ಬಂದರೆ ಇವು ಇವೆಯಲ್ಲ ಎಂದು ಧೈರ್ಯ ತಂದುಕೊಂಡಿದ್ದೆ. ಗಾಡಿ ಕೊಳ್ಳುವಾಗ ಇದನ್ನೇ ಆರಿಸಿದ್ದೂ ಅವನ್ನು ನೋಡಿಯೇ.

"ಹಾಗಾದ್ರೆ ಏನು ಮಾಡೋದು ದೇವೀರಮ್ಮ?"

"ಬಾಗಿಲ ಚೌಕಟ್ಟಿಗೆ ಕಚ್ಚೋ ಕಾಲು ಬೇಕು. ನಾಕು ಕಾಲು, ನಾಕು ಕ್ಲಾಂಪು. ಬಾರು ನನ್ನ ಹತ್ರ ಅವೆ. ನಿಮ್ಮ ಗಾಡಿ ಅಳತೆ ಕ್ಲಾಂಪು ಇಲ್ಲ, ಹೊರಗಿಂದ ತರಿಸಬೇಕು. ಐದು ದಿನ."

"ಐದು ದಿನದಲ್ಲಿ ಬರದಿದ್ರೆ?"

"ಬರ್ತದೆ."

"ಬರದಿದ್ರೆ?"

ಅವರು ಸ್ಟೂಲಿನ ಮೇಲಿಂದಲೇ ನನ್ನನ್ನು ನೋಡಿದರು. "ಏನಮ್ಮ ನೀನು, ಹಡೆಯೋಕ್ ಮುಂಚೆ ಹೆಸರು ಕೂಗ್ತೀಯ. ಬಾ, ಪೆಟ್ಟಿಗೆ ನೋಡು."

ಬಾರುಗಳಲ್ಲೇ ಎರಡು ಜಾತಿ. ಚೌಕದ ಕಬ್ಬಿಣದ್ದು ಅಗ್ಗ, ಆದರೆ ತೂಕ ಜಾಸ್ತಿ. ಅಲ್ಯೂಮಿನಿಯಂನದು ಹಕ್ಕಿಯ ರೆಕ್ಕೆಯ ಹಾಗೆ ಮುಂದಿನ ಅಂಚು ದಪ್ಪ, ಹಿಂದೆ ತೆಳು. ಗಾಳಿ ಸೀಳಿಕೊಂಡು ಹೋಗುತ್ತದೆ, ಎರಡೂ ಸೇರಿ ಆರೇ ಕೆ.ಜಿ. ದೇವೀರಮ್ಮ ನಮ್ಮ ಗಾಡಿಯ ಪುಸ್ತಕ ತರಿಸಿ ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿದರು. ಟಾಪಿನ ಮೇಲೆ ಎಪ್ಪತ್ತೈದು ಕೆ.ಜಿ., ಅದಕ್ಕಿಂತ ಹೆಚ್ಚಿಲ್ಲ. "ಇದ್ರಾಗೆ ಬಾರಿನ ತೂಕಾನೂ ಸೇರ್ತು, ಪೆಟ್ಟಿಗೆ ತೂಕಾನೂ ಸೇರ್ತು. ಭಾಳ ಜನ ಇದನ್ನ ಮರೀತಾರೆ. ಬಾರು ಆರು, ಪೆಟ್ಟಿಗೆ ಹತ್ತೊಂಬತ್ತು. ಉಳಿದಿದ್ದೆಷ್ಟು?"

"ಐವತ್ತು," ಎಂದಳು ಕುಮುದ.

"ಐವತ್ತರಲ್ಲಿ ಮನೆ ಕಟ್ಕೊಳ್ಳಿ."

ಬಟ್ಟೆಯ ಚೀಲ ಹಗುರ, ನಾಲ್ಕೇ ಕೆ.ಜಿ.; ಅದನ್ನು ಕೊಂಡರೆ ಹದಿನೈದು ಕೆ.ಜಿ. ಹೆಚ್ಚು ಸಾಮಾನು ಹೋಗುತ್ತಿತ್ತು. ನನ್ನ ಗಂಡ ಅದನ್ನೇ ಹಿಡಿದರು. ನಾನು ಅದರ ಬೆಲ್ಟುಗಳನ್ನು ನೋಡಿದೆ. ಬೆಲ್ಟೆಂದರೆ ಹಗ್ಗವೇ. ಉದ್ದನೆಯ ಗಟ್ಟಿ ಪೆಟ್ಟಿಗೆಯೊಂದಿತ್ತು. ಅದನ್ನು ಕೂರಿಸಿದರೆ ಹಿಂದಿನ ಡಿಕ್ಕಿಯ ಬಾಗಿಲು ಮೇಲೆದ್ದಾಗ ತಗಲುತ್ತದೆ ಎಂದು ದೇವೀರಮ್ಮ ಟೇಪು ಹಿಡಿದು ತೋರಿಸಿದರು. ಡಿಕ್ಕಿಯಿಂದ ಅತ್ತಿಗೆಯ ಗಾಲಿಕುರ್ಚಿ ತೆಗೆಯಲೇಬೇಕಲ್ಲ. ಕೊನೆಗೆ ಉಳಿದದ್ದು ಕುಳ್ಳಗೆ ಅಗಲವಾದ ಕಪ್ಪು ಪೆಟ್ಟಿಗೆ. ಎಡಬಲ ಎರಡೂ ಕಡೆಯಿಂದ ತೆಗೆಯಬಹುದು. ಮೂರು ಕೊಂಡಿ. ಮೂರೂ ಸರಿಯಾಗಿ ಬೀಳದಿದ್ದರೆ ಕೀಲಿಕೈ ಹೊರಗೆ ಬರುವುದೇ ಇಲ್ಲ. ನಾನು ಅಂಗಡಿಯಲ್ಲೇ ಏಳು ಸಲ ಮುಚ್ಚಿ ತೆರೆದೆ. ಹಿಂದೆ ನಿಂತಿದ್ದ ಗಂಡಸೊಬ್ಬ, "ಬೇಗ ಆಗ್ಲಿ ತಾಯಿ," ಎಂದ.

ಪೆಟ್ಟಿಗೆ ತಂದು ನಡುಮನೆಯಲ್ಲಿಟ್ಟು, ತೂಕದ ಯಂತ್ರವನ್ನು ಪಕ್ಕದಲ್ಲಿಟ್ಟು, ಕ್ಲಾಂಪು ಬರುವವರೆಗೆ ಸಾಮಾನು ತೂಗುತ್ತ ಕೂತೆವು. ಸಿಹಿ ನೀರಿನಲ್ಲಿ ಕಾಫಿ ಎಷ್ಟು ರುಚಿಯಾಗುತ್ತಿತ್ತೆಂದರೆ ಕುಡಿಯುವಾಗ ತಪ್ಪು ಮಾಡಿದ ಹಾಗನಿಸುತ್ತಿತ್ತು. ಹೊಲಿಗೆ ಮಿಷಿನ್ನಿನ ತಲೆ ಹನ್ನೆರಡು ಕೆ.ಜಿ. ಅದರ ಕಬ್ಬಿಣದ ಸ್ಟ್ಯಾಂಡು ಬಿಡಲೇಬೇಕು. ಬಟ್ಟೆ ಹನ್ನೊಂದು, ಪಾತ್ರೆ ಒಂಬತ್ತು, ಗಂಡನ ಸ್ಪ್ಯಾನರ್ ಚೀಲ ಏಳು, ಕಾಗದಪತ್ರ, ಫೋಟೋ, ಶಾಲೆಯ ಪುಸ್ತಕ ಆರು. ಕುಮುದ ತನ್ನ ಕಲ್ಲುಗಳ ಡಬ್ಬಿ ತಂದಿಟ್ಟಳು. ಮೂರು ಕೆ.ಜಿ.

"ಕಲ್ಲು ಎಲ್ಲಾ ಕಡೆ ಸಿಗುತ್ತೆ ಕಣೆ," ಎಂದರು ಅವಳಪ್ಪ.

"ಇವು ಸಿಗಲ್ಲ. ಇವು ಸಿಕ್ಕಾಯ್ತಲ್ಲ," ಎಂದಳು. ಅವಳಪ್ಪ ಡಬ್ಬಿಯನ್ನು ಪೆಟ್ಟಿಗೆಗೆ ಹಾಕಿದರು.

ಅತ್ತಿಗೆ ಮಂಚದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದರು. "ವಾರಿಜ, ಇದ್ರಲ್ಲಿ ನಿಂದು ಅಂತ ಏನೂ ಇಲ್ವಲ್ಲ," ಎಂದರು.

"ನಂಗೇನೂ ಬೇಡ ಅತ್ತಿಗೆ. ನಿಮ್ಮ ಕತ್ತರಿ, ಬಾಬಿನ್ನು ಎಲ್ಲಾ ಹಾಕಿದೀನಿ ನೋಡಿ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನೋವಿರಬೇಕೆಂದು ಮಾತ್ರೆ ಕೊಟ್ಟೆ.

ಎಂಟನೆಯ ದಿನ ಕ್ಲಾಂಪು ಬಂತು. ದೇವೀರಮ್ಮ ರಟ್ಟಿನ ಡಬ್ಬಿ ಬಿಚ್ಚಿ ನಾಲ್ಕನ್ನೂ ಮೇಜಿನ ಮೇಲೆ ಜೋಡಿಸಿದರು. ಮೂರು ಒಂದೇ ಬಗೆ. ನಾಲ್ಕನೆಯದರ ತುದಿ ಬೇರೆ ರೀತಿ ಬಾಗಿತ್ತು. ಅವರು ಅದನ್ನು ಬಾಗಿಲ ಚೌಕಟ್ಟಿಗೆ ಹಿಡಿದು ನೋಡಿ, ತಲೆ ಅಲ್ಲಾಡಿಸಿ, ತಿರುಗಿ ಡಬ್ಬಿಗೆ ಹಾಕಿದರು.

"ಬಡಿದು ಸರಿ ಮಾಡೋಕೆ ಆಗಲ್ವಾ?" ಎಂದರು ನನ್ನ ಗಂಡ.

"ಮಾಡ್ಬೋದು. ಸೇತುವೆ ಮೇಲೆ ಬಿಚ್ಕೊಂಡ್ರೆ ನನ್ನ ಬೈಕೋಬಾರ್ದು."

ನಾನು ಅಲ್ಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.  ದೇವೀರಮ್ಮ ಒಂದು ಲೋಟ ನೀರು ತಂದುಕೊಟ್ಟರು. ಅವರ ಬೀದಿಯ ನೀರು, ಉಪ್ಪು. ಕುಡಿದ ಮೇಲೆ ಸ್ವಲ್ಪ ಸಮಾಧಾನವಾಯಿತು. "ನಾನೇ ಹೋಗಿ ತರ್ತೀನಿ," ಎಂದರು ಅವರು. "ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ. ಶುಕ್ರವಾರ ಬೆಳಿಗ್ಗೆ ಗಾಡಿ ತಗೊಂಡು ಬಾ." ಅಂಗಡಿಯಲ್ಲಿ ಅಷ್ಟು ಜನ ಕಾಯುತ್ತಿದ್ದರೂ ನನಗಾಗಿ ಹೋಗುತ್ತೇನೆ ಎಂದರಲ್ಲ, ಯಾಕೆ ಎಂದು ಕೇಳಿದೆ. "ನಿನಗೋಸ್ಕರ ಅಲ್ಲ. ನಾನು ಹಾಕಿದ್ದು ಇವತ್ತಿನತನಕ ಒಂದೂ ಬಿದ್ದಿಲ್ಲ," ಎಂದರು.

ಆ ಮೂರು ದಿನ ನಾನು ನಿದ್ದೆ ಮಾಡಿದ್ದು ಕಡಿಮೆ. ಅಡುಗೆ ಮಾಡುತ್ತಿದ್ದವಳು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಬೀದಿಯಲ್ಲಿ ಒಬ್ಬೊಬ್ಬರ ಗಾಡಿಯೂ ತಲೆಯ ಮೇಲೆ ಪೆಟ್ಟಿಗೆ ಹೊತ್ತು ಸಿದ್ಧವಾಗುತ್ತಿತ್ತು. ನಮ್ಮದು ಬರಿ ತಲೆಯಲ್ಲಿ ನಿಂತಿತ್ತು. ಸರ್ವಮಂಗಳಮ್ಮ ಒಮ್ಮೆ ನಮ್ಮ ಗಾಡಿಯನ್ನೂ ನನ್ನನ್ನೂ ನೋಡಿ ಏನೋ ಹೇಳಲು ಬಾಯಿ ತೆರೆದರು. ಅವರು ಹೇಳುವ ಮೊದಲೇ ನಾನು ಒಳಗೆ ಬಂದೆ.

ಶುಕ್ರವಾರ, ಅಂದರೆ ಹನ್ನೊಂದನೆಯ ದಿನ, ದೇವೀರಮ್ಮ ಸರಿಯಾದ ಕ್ಲಾಂಪು ಹಿಡಿದು ಕೂತಿದ್ದರು. ಮುಂದಿನ ಗಾಜಿನ ಅಂಚಿನಿಂದ ಟೇಪು ಹಿಡಿದು ಗುರುತು ಮಾಡಿ, ಅಲ್ಲಿಂದ ಎರಡೂಕಾಲು ಅಡಿ ಹಿಂದಕ್ಕೆ ಇನ್ನೊಂದು ಗುರುತು ಮಾಡಿ, ರಬ್ಬರಿನ ಪಾದಗಳನ್ನು ಕೂರಿಸಿದರು. ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು ಸುತ್ತು. ಒಂದು ಬದಿ ಪೂರ್ತಿ ಬಿಗಿದು ಇನ್ನೊಂದು ಬದಿಗೆ ಹೋಗಬಾರದಂತೆ, ಬಾರು ವಾರೆಯಾಗುತ್ತದಂತೆ. ಕೊನೆಗೆ ಸ್ಪ್ಯಾನರ್ 'ಟಕ್' ಎಂದಿತು. "ಈ ಸದ್ದು ಬಂದ ಮೇಲೆ ನಿಲ್ಲಿಸಬೇಕು," ಎಂದರು. "ಸಡಿಲ ಇದ್ರೆ ಎಷ್ಟು ಕಷ್ಟಾನೋ ಅತಿಯಾಗಿ ಬಿಗಿದ್ರೂ ಅಷ್ಟೇ ಕಷ್ಟ. ಚೌಕಟ್ಟು ನುಗ್ಗಾಗ್ತದೆ, ಆಮೇಲೆ ಯಾವ ಕ್ಲಾಂಪೂ ಹಿಡಿಯಲ್ಲ. ತಿಳೀತಾ?" ಆ ಸ್ಪ್ಯಾನರನ್ನು ಸರದಿ ಮುಗಿಯುವವರೆಗೆ ನನ್ನ ಹತ್ತಿರ ಇಟ್ಟುಕೊಳ್ಳಲು ಕೊಟ್ಟರು. ಕೊಡಬಾರದಿತ್ತು.

ಮನೆಗೆ ಬಂದು ಅತ್ತಿಗೆಯ ಕೋಣೆಯ ಕಿಟಕಿಯ ಪಕ್ಕ ಗಾಡಿ ನಿಲ್ಲಿಸಿದೆವು. ಪೆಟ್ಟಿಗೆಯನ್ನು ಬಾರಿಗೆ ಕೂರಿಸಿ ಸಾಮಾನು ತುಂಬಿದೆವು. ಭಾರವಾದದ್ದು ನಡುವೆ, ಹಗುರವಾದದ್ದು ತುದಿಗೆ. ಸಂಜೆ ಐದಕ್ಕೆ ಒಂದು ಸಲ ಬಾರು ಜಗ್ಗಿ ನೋಡಿದೆ. ಸ್ಪ್ಯಾನರ್ ಹಾಕಿದೆ; ಟಕ್ ಎಂದಿತು. ಆರಕ್ಕೆ ಮತ್ತೆ ನೋಡಿದೆ. ಕಾಫಿ ಕುಡಿದು ಮತ್ತೆ ನೋಡಿದೆ. ನಾಲ್ಕನೆಯ ಸಲ ಸ್ಟೂಲು ಹತ್ತಿದಾಗ, ಟಕ್ ಎಂದಮೇಲೂ ಇನ್ನು ಅರ್ಧ ಸುತ್ತು ತಿರುಗಿಸಿದರೆ ಏನಾದೀತು ಎನಿಸಿತು. ತಿರುಗಿಸತೊಡಗಿದೆ. ಚೌಕಟ್ಟಿನ ಬಣ್ಣ ಕಿರ್ ಎಂದಿತು.

"ವಾರಿಜ, ಸಾಕು. ಮುರಿದುಹೋಗತ್ತೆ." ಕಿಟಕಿಯ ಪಕ್ಕದ ಮಂಚದ ಮೇಲಿಂದ ಅತ್ತಿಗೆ.

"ಇನ್ನೊಂಚೂರು ಅತ್ತಿಗೆ."

"ಅವತ್ತು ನಿನ್ನ ಗಂಟು ಬಿಚ್ಕೊಳ್ಳಲಿಲ್ಲ."

ನಾನು ಸ್ಪ್ಯಾನರ್ ಬಿಡಲಿಲ್ಲ. ಕೇಳಿದ್ದು ಅರ್ಥವೂ ಆಗಲಿಲ್ಲ.

"ನಾನೇ ಬಿಚ್ಚಿದ್ದು," ಎಂದರು ಅತ್ತಿಗೆ. ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಸೇತುವೆ ಹತ್ರ ಸಾಲಲ್ಲಿ ನಿಂತಿದ್ವಲ್ಲ. ನೀನು ನೀರು ತರೋಕೆ ಹೋದೆ. ಷಡಕ್ಷರಿ ಸೇತುವೆ ದಾಟೋ ಪಾಸು ತೋರಿಸೋಕೆ ಇಳಿದಿದ್ದ. ಮೇಷ್ಟ್ರ ಕನ್ನಡಕ ನನ್ನ ಕೈಯಲ್ಲಿತ್ತು. ಆ ನೂಕಾಟದಲ್ಲಿ ಒಡೆದುಹೋಗತ್ತೇನೋ ಅಂತ ಭಯ. ಟ್ರಂಕಲ್ಲಿಟ್ರೆ ಭದ್ರ ಅಂತ ಜೀಪಿನ ಮೆಟ್ಟಿಲು ಹತ್ತಿದೆ. ನಿನ್ನ ಗಂಟು ಎಷ್ಟು ಗಟ್ಟಿಯಾಗಿತ್ತು ಗೊತ್ತಾ? ಹಲ್ಲಲ್ಲಿ ಕಚ್ಚಿ ಎಳೆದೆ. ಕನ್ನಡಕ ಒಳಗಿಟ್ಟೆ. ಆಮೇಲೆ ಮೊದಲಿನ ಹಾಗೆ ಕಟ್ಟೋಕೆ ನಂಗೆ ಬರಲಿಲ್ಲ. ಹಗ್ಗದ ತುದೀನ ಒಳಗೆ ಸಿಕ್ಕಿಸಿ ಇಳಿದುಬಿಟ್ಟೆ."

ಸ್ಟೂಲಿನಿಂದ ನಾನು ಯಾವಾಗ ಇಳಿದೆನೋ ನೆನಪಿಲ್ಲ. "ಹೇಳಬಹುದಿತ್ತಲ್ಲ," ಎಂದೆ. 

"ನೀನು 'ನನ್ನ ಗಂಟು' ಅಂತ ಕೂಗ್ಕೊಂಡೆ. ಎಲ್ಲಾರೂ ನಿನ್ನ ಕಡೆ ನೋಡಿದ್ರು. ಆ ಮನುಷ್ಯನ್ನ ಕಳ್ಕೊಂಡಿದ್ದೆ. ಅವರದ್ದು ಉಳಿದಿದ್ದನ್ನೂ ನಾನೇ ಹೊಳೆಗೆ ಹಾಕ್ದೆ ಅಂತ ಒಪ್ಕೊಳ್ಳೋಕೆ ನಂಗೆ ಆಗ್ಲಿಲ್ಲ ಕಣೆ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಬಂದಾಗ ಇನ್ನೊಂದು ನಾಳೆ."

"ಹನ್ನೊಂದು ವರ್ಷ ಅತ್ತಿಗೆ."

"ಹೂಂ."

"ನಾನು ಬೀಗ ಜಗ್ಗೋದು ದಿನಾ ನೋಡ್ತಿದ್ರಲ್ಲ."

 ನಾನು ಪೆಟ್ಟಿಗೆ ತೆಗೆದು, ಹೊಲಿಗೆ ಮಿಷಿನ್ನನ್ನು ಎತ್ತಿ, ಅವರಿಗೆ ಕಾಣುವ ಹಾಗೆ ನಡುಮನೆಯ ನೆಲದ ಮೇಲೆ ತಂದಿಟ್ಟೆ.  ಅತ್ತಿಗೆ ಅದನ್ನು ನೋಡಿ, "ಸರಿ," ಎಂದರು ಅಷ್ಟೇ. ಗಂಡ ಬಂದು ಏನಾಯಿತೆಂದು ಕೇಳಿದರು. ಅವರ ಅಕ್ಕನನ್ನೇ ಕೇಳಿ ಎಂದೆ. ಕೇಳಿಸಿಕೊಂಡು ಬಂದ ಅವರು ನನ್ನ ಪಕ್ಕ ಕೂತಿದ್ದು, ಎದ್ದು ಹೋಗಿ ಎಲ್ಲರಿಗೂ ಉಪ್ಪಿಟ್ಟು ಮಾಡಿದರು.

ಬೆಳಿಗ್ಗೆ ಮಿಷಿನ್ನನ್ನು ನಾನೇ ಎತ್ತಿ ಪೆಟ್ಟಿಗೆಯೊಳಗಿಟ್ಟೆ. ದೊಡ್ಡ ಮನಸ್ಸಿನಿಂದಲ್ಲ. ಸಿಟ್ಟು ಇನ್ನೂ ಹಾಗೇ ಇತ್ತು. ಆದರೆ ಖಾಲಿ ಮನೆಗೆ ತಿರುಗಿ ಬಂದಮೇಲೆ ಬದುಕುವುದು ಆ ಮಿಷಿನ್ನಿನಿಂದಲೇ ಎಂದು ಸಿಟ್ಟಿಗೂ ಗೊತ್ತಿತ್ತು. ತೂಕದಲ್ಲಿ ಎರಡು ಕೆ.ಜಿ. ಮಿಗುತ್ತಿತ್ತು. ಕಾಲೇಜಿನಲ್ಲಿ ನಾನು ಗೆದ್ದು, ಹೋದ ಸರದಿ ಮುಗಿದ ಮೇಲೆ ತವರಿನಿಂದ ತಂದಿದ್ದ ಮರದ ಚೆಸ್ ಪೆಟ್ಟಿಗೆಯೊಂದು ಅಟ್ಟದಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಒರೆಸಿ ಮಿಷಿನ್ನಿನ ಪಕ್ಕ ಇಟ್ಟೆ. ಯಾರನ್ನೂ ಕೇಳಲಿಲ್ಲ. ಮೂರು ಕೊಂಡಿ ಬಿದ್ದವು, ಕೀಲಿಕೈ ಹೊರಬಂತು.

"ಬಾರು ಇನ್ನೊಂದ್ಸಲ ನೋಡಿದ್ಯಾ?" ಎಂದರು ಗಂಡ.

"ಇಲ್ಲ," ಎಂದೆ. ಅವರು ಗಾಡಿ ಸ್ಟಾರ್ಟ್ ಮಾಡಿದರು.

ಸೇತುವೆಯ ಮೇಲೆ ಗಾಡಿಗಳು ಒಂದರ ಹಿಂದೊಂದು ಆಮೆಯ ಹಾಗೆ ಹೋಗುತ್ತಿದ್ದವು. ಅಲ್ಲಿ ನಿಲ್ಲಿಸುವಂತಿಲ್ಲ. ನಾನು ಮುಂದೆ ಚಾಚಿ ಮಲಗಿದ್ದ ಅತ್ತಿಗೆಯನ್ನು ನೋಡುತ್ತಿದ್ದೆ. ಅವರ ಕಣ್ಣು ಗಾಡಿಯ ಒಳಚಾವಣಿಗೆ ನೆಟ್ಟಿತ್ತು. ಎರಡೂ ಕೈ ಸೀಟಿನ ಅಂಚನ್ನು ಹಿಡಿದಿದ್ದವು. ತುಟಿ ಒಣಗಿತ್ತು. ಇಷ್ಟು ವರ್ಷ ಈ ಸೇತುವೆಯನ್ನು ನೆನೆದು ನನಗೆ ಆಗುತ್ತಿದ್ದದ್ದೆಲ್ಲ ಅವರಿಗೂ ಆಗುತ್ತಿತ್ತೆಂದು ಆಗ ಮೊದಲ ಸಲ ಕಂಡಿತು. ತಗಡು ಸೇರುವ ಕಡೆ ಗಾಡಿ ಕುಲುಕಿತು. ಮೇಲೆ ಗಡಗಡ ಎಂದಿತು.

"ನಿಲ್ಸೋ! ಷಡಕ್ಷರಿ, ನಿಲ್ಸೋ, ಹೋಯ್ತು!" ಅತ್ತಿಗೆ ಕಿರುಚಿದರು. ಹಿಂದಿನ ಗಾಡಿ ಹಾರನ್ ಮಾಡಿತು. ಗಂಡನ ಕಾಲು ಬ್ರೇಕಿನ ಮೇಲೆ ಹೋಯಿತು.  ನಾನು ಕಿವಿಗೊಟ್ಟೆ. ಗಡಗಡ ಸದ್ದು ಜಾರುತ್ತಿರಲಿಲ್ಲ. ಒಂದೇ ಜಾಗದಲ್ಲಿ, ನಡುವೆ, ಗುಂಡಗೆ ತಿರುಗಿ ತಿರುಗಿ ಬರುತ್ತಿತ್ತು.

"ನಿಲ್ಲಿಸ್ಬೇಡಿ, ಹೋಗಿ," ಎಂದೆ. "ಅತ್ತಿಗೆ, ಅದು ನಿಮ್ಮ ಮಿಷಿನ್ನಿನ ಚಕ್ರ. ಒಳಗೇ ತಿರುಗ್ತಿದೆ."

"ನಿಜವಾಗ್ಲೂ?"

"ಕೇಳಿಸ್ಕೊಳ್ಳಿ."

ಅವರು ಕೇಳಿಸಿಕೊಂಡರು. ಹದಿನಾರನೆಯ ವಯಸ್ಸಿನಿಂದ ತಿರುಗಿಸಿದ ಚಕ್ರ. ಗುರುತು ಹತ್ತಿದಾಗ ಅವರ ಕೈ ಸೀಟನ್ನು ಬಿಟ್ಟಿತು. ನಾವು ಆಚೆ ದಡ ಮುಟ್ಟಿದೆವು. ಪೆಟ್ಟಿಗೆಯೊಳಗೆ ಒಂದು ಲೋಟದ ಅಂಚು ನುಗ್ಗಾಗಿದ್ದು ಬಿಟ್ಟರೆ ಎಲ್ಲ ಇಟ್ಟ ಹಾಗೇ ಇತ್ತು.

ಮಾರನೆಯ ಮಧ್ಯಾಹ್ನ ಬೀದಿಯವರೆಲ್ಲ ದೊಡ್ಡ ಶೆಡ್ಡಿನಲ್ಲಿ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಅತ್ತಿಗೆ, "ನನ್ನ ಅಲ್ಲಿಗೆ ಕರ್ಕೊಂಡು ಹೋಗು," ಎಂದರು. ಯಾಕೆಂದು ತಿಳಿದಿತ್ತು. ಬೇಡ ಎನ್ನಲಿಲ್ಲ. ಬೇಡ ಎನ್ನುವಷ್ಟು ಸಿಟ್ಟು ಇಳಿದಿರಲಿಲ್ಲ. ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ನಡುವೆ ನಿಲ್ಲಿಸಿದೆ. ಅತ್ತಿಗೆ ಸೆರಗು ಸರಿಮಾಡಿಕೊಂಡು ಎಲ್ಲವನ್ನೂ ಹೇಳಿದರು. ಕನ್ನಡಕ, ಗಂಟು, ಹಲ್ಲಿನಲ್ಲಿ ಕಚ್ಚಿದ್ದು, ಸುಮ್ಮನಿದ್ದದ್ದು. ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ತಲೆ ತಗ್ಗಿಸಿದರು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಹನ್ನೊಂದು ವರ್ಷದ ಅಪವಾದ ಇಳಿಯುವ ಗಳಿಗೆ.

ಸರ್ವಮಂಗಳಮ್ಮ ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಯಾವ ಟ್ರಂಕು ಹೊನ್ನಕ್ಕ?" ಎಂದರು.

"ಹೋದ ಸರದೀಲಿ ಬಿತ್ತಲ್ಲ, ಅದು."

"ಹೋದ ಸರದೀಲಿ ಬಿದ್ದಿದ್ದು ಮೂಲೆ ಮನೆಯವ್ರ ಬೀರು ಅಲ್ವಾ?"

"ಬೀರು ಅಲ್ಲ, ಟಿ.ವಿ.," ಎಂದರು ಇನ್ನೊಬ್ಬರು. "ಬೀರು ಬಿದ್ದಿದ್ದು ಹಿಂದಿನ ಬೀದಿಯವ್ರದ್ದು."

ಮಾತು ಟಿ.ವಿ.ಯ ಕಡೆ, ಅದರಿಂದ ಯಾರ ಗಾಡಿಯ ಪೆಟ್ಟಿಗೆ ಚೆನ್ನಾಗಿದೆ ಎನ್ನುವ ಕಡೆ ಹೋಯಿತು. ಸರ್ವಮಂಗಳಮ್ಮ ನನ್ನ ಕೈ ಹಿಡಿದು, "ನಿಮ್ಮ ಗಾಡಿಗೆ ಬಾರು ಹಾಕ್ಸೋದು ಯಾಕೆ ಅಷ್ಟು ತಡ ಆಯ್ತು? ಮೊನ್ನೆಯಿಂದ ಕೇಳ್ಬೇಕು ಅಂತಿದ್ದೆ, ನೀನು ಒಳಗೆ ಓಡಿಹೋಗ್ತೀಯ," ಎಂದರು. ಅವರ ಮುಖದಲ್ಲಿ ಅದರ ಹೊರತು ಬೇರೇನೂ ಇರಲಿಲ್ಲ. ಯಾರಿಗೂ ನೆನಪಿರಲಿಲ್ಲ. ಯಾರೂ ನನ್ನನ್ನು ಏನೂ ಅಂದುಕೊಂಡಿರಲಿಲ್ಲ. ಪ್ರತಿಯೊಬ್ಬರಿಗೂ ತಮ್ಮದೊಂದು ಬಿದ್ದ ಸಾಮಾನು ಇತ್ತು, ಅದನ್ನು ನೆನೆಯುವುದಕ್ಕೇ ಅವರಿಗೆ ಹೊತ್ತು ಸಾಲುತ್ತಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಅತ್ತಿಗೆಯ ಕುರ್ಚಿಯನ್ನು ಹೊರಗೆ ತಳ್ಳಿಕೊಂಡು ಬಂದೆ.

ಹೊರಗೆ ಬಿಸಿಲಿತ್ತು. ಹೊಂಗೆಯ ನೆರಳಿನಲ್ಲಿ ಕುರ್ಚಿ ನಿಲ್ಲಿಸಿ, ಅವರ ಪಕ್ಕದ ಕಲ್ಲಿನ ಮೇಲೆ ಕೂತೆ. ಆ ಟ್ರಂಕು ಈ ಇಡೀ ಊರಿನಲ್ಲಿ ನೆನಪಿದ್ದದ್ದು ನಮ್ಮ ಮನೆಗೆ ಮಾತ್ರ. ಅದರಲ್ಲೂ ಒಳಗಿದ್ದದ್ದನ್ನು ನೋಡಿದ್ದವರು ಅವರೊಬ್ಬರೇ. ನಾನು ಕಟ್ಟಿದ್ದೆ, ಬೀಳಿಸಿದೆ ಎಂದು ನಂಬಿದ್ದೆ, ಅದಕ್ಕಾಗಿ ಅತ್ತಿದ್ದೆ. ಒಂದೇ ಒಂದು ಚಿತ್ರವನ್ನೂ ನೋಡಿರಲಿಲ್ಲ. ಕೇಳುವ ಧೈರ್ಯವೂ ಬಂದಿರಲಿಲ್ಲ.

"ಅತ್ತಿಗೆ, ಮೇಷ್ಟ್ರು ಏನೇನು ಬಿಡಿಸ್ತಿದ್ರು?"

ಅವರು ನನ್ನನ್ನು ನೋಡಿದರು. ಕೇಳಿದ್ದು ಸಿಟ್ಟಿನಿಂದಲ್ಲವೆಂದು ಖಾತ್ರಿಯಾಗುವವರೆಗೆ ನೋಡಿದರು.

"ಜನಗಳನ್ನ," ಎಂದರು. "ಬರೀ ಜನ. ಹಾಲು ಹಾಕೋನು, ಶಾಲೆ ಆಯಾ, ನಾನು. ಮುಖ ಎಲ್ಲಾ ತದ್ರೂಪು."  ಆಮೇಲೆ ಅವರ ಬಾಯಂಚು ಮೆಲ್ಲನೆ ಮೇಲೆದ್ದಿತು. "ಆದ್ರೆ ಅವ್ರಿಗೆ ಕೈ ಬಿಡಿಸೋಕೆ ಬರ್ತಿರಲಿಲ್ಲ ವಾರಿಜ. ಡ್ರಾಯಿಂಗ್ ಮೇಷ್ಟ್ರು, ಕೈ ಬಿಡಿಸೋಕೆ ಬರಲ್ಲ! ಅದಕ್ಕೇ ಎಲ್ಲಾರ ಕೈನೂ ಬೆನ್ನ ಹಿಂದೆ ಇಟ್ಬಿಡ್ತಿದ್ರು. ಇನ್ನೂರು ಜನ, ಒಬ್ರ ಕೈಯೂ ಕಾಣಲ್ಲ."

"ನಿಮ್ದೂ?"

"ನಂದೂ. 'ಏನ್ರೀ, ನಾನೇನು ಕದ್ದಿದೀನಿ ಅಂತ ಹಿಂಗೆ ಬಚ್ಚಿಟ್ಕೊಂಡು ನಿಂತಿದೀನಿ' ಅಂತ ಬೈತಿದ್ದೆ."

ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತ ಅವರ ಕಣ್ಣು ತುಂಬಿತು. ಒರೆಸಿಕೊಂಡು, ಇನ್ನೊಂದು ಚಿತ್ರದ ಬಗ್ಗೆ ಹೇಳತೊಡಗಿದರು.